ಸೆಕೆಂಡ್ ಮುಳ್ಳಿನ ವಾಚು

2000ದ ದಶಕದ ಆರಂಭದಲ್ಲಿ ಮಾರತ್ತಹಳ್ಳಿ ಸುತ್ತಮುತ್ತಲ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಎಂದರೆ ಬೀಗ ಹಾಕಿದ ಒಂದು ಕೋಣೆ. ವಾರಕ್ಕೊಂದು ಸಲ ಅಟೆಂಡರ್ ಕೀಲಿ ಗೊಂಚಲು ಹಿಡಿದು ಬರುತ್ತಿದ್ದ. ಚಪ್ಪಲಿ ಬಾಗಿಲಾಚೆ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕು. ಒಂದು ಕಂಪ್ಯೂಟರಿಗೆ ನಾಲ್ವರು. ಮೌಸು ಹಿಡಿದವಳು ಒಬ್ಬಳು, ಉಳಿದ ಮೂವರು ಅವಳ ಭುಜದ ಮೇಲಿಂದ ಇಣುಕುವವರು. ಪವರ್‌ಪಾಯಿಂಟಿನ ಒಂದು ಸ್ಲೈಡಿಗೆ ಬಣ್ಣ ತುಂಬುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಇಲ್ಲವೇ ಬೆಲ್ಲು ಹೊಡೆಯುತ್ತಿತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಆಗಿನ ಬಿ.ಎಸ್‌ಸಿ. ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ ‘ಕಂಪ್ಯೂಟರ್ ಪರಿಚಯ’ ಎಂಬ ವಿಷಯವಿತ್ತು. ಅದರ ಪರೀಕ್ಷೆಯನ್ನು ಕಾಲೇಜೇ ನಡೆಸಿಕೊಳ್ಳುತ್ತಿತ್ತು. ಯೂನಿವರ್ಸಿಟಿ ಪರೀಕ್ಷೆ ಇಲ್ಲದ ವಿಷಯಕ್ಕೆ, ಅನಾಟಮಿ ಮತ್ತು ಫಿಸಿಯಾಲಜಿಯ ಭಾರದಲ್ಲಿ ನಲುಗಿದ ಮೊದಲ ವರ್ಷದವರು ಎಷ್ಟು ಬೆಲೆ ಕೊಟ್ಟಾರು? ಪಾಸಾದರೆ ಸಾಕು ಎಂಬುದೇ ಅಂದಿನ ಒಟ್ಟು ಧೋರಣೆ.

ಕೋಣೆಯ ಕಿಟಕಿಯಾಚೆಗೆ ಬೇರೆಯೇ ಲೋಕ ಏಳುತ್ತಿತ್ತು. ಹೊರವರ್ತುಲ ರಸ್ತೆಯ ಎರಡೂ ಬದಿಗೆ ಗಾಜಿನ ಕಟ್ಟಡಗಳು ಬಂದವು. ಮುನ್ನೇಕೊಳಾಲ, ಕುಂದಲಹಳ್ಳಿಯ ತೋಟಗಳು ಪಿಜಿಗಳಾದವು. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಗುವ ತನಕ ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಪಾಠ ಅರ್ಧ ನಿಮಿಷ ನಿಲ್ಲುತ್ತಿತ್ತು. ಕಾಡುಗೋಡಿಗೆ ಹೋಗುವ 335ಇ ಬಸ್ಸಿನಲ್ಲಿ ಕೊರಳಿಗೆ ಟ್ಯಾಗು ಹಾಕಿಕೊಂಡವರು ಎರಡು ಬಗೆ: ಸಾಫ್ಟ್‌ವೇರಿನವರು ಮತ್ತು ಬಿಳಿ ಕೋಟು ಮಡಚಿ ತೋಳಿನ ಮೇಲೆ ಇಟ್ಟುಕೊಂಡ ನರ್ಸಿಂಗ್ ಹುಡುಗಿಯರು. ಒಬ್ಬರಿಗೆ ಇಡೀ ದಿನ ಕಂಪ್ಯೂಟರೇ ಕೆಲಸ. ಇನ್ನೊಬ್ಬರಿಗೆ ಅದು ವಾರಕ್ಕೊಂದು ಪೀರಿಯಡ್. ಈ ಹುಡುಗಿಯರಲ್ಲಿ, ಅವರ ಜೊತೆಗಿದ್ದ ಕೆಲವು ಹುಡುಗರಲ್ಲಿ, ಬಹಳ ಮಂದಿ ಕೇರಳದವರು. ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ ಬಂದವರಿದ್ದರು. ಕೋಲಾರ, ಚಿಂತಾಮಣಿ, ರಾಯಚೂರು ಕಡೆಯ ಕನ್ನಡದವರೂ ಇದ್ದರು. ಊರಿನಲ್ಲಿ ಕಂಪ್ಯೂಟರ್ ಮುಟ್ಟಿ ಬಂದವರಿಗೂ ಮುಟ್ಟದೆ ಬಂದವರಿಗೂ ಒಂದೇ ಬೆಂಚು.

ಆ ಕಾಲದಲ್ಲಿ ತಂತ್ರಜ್ಞಾನಕ್ಕಿಂತ ಮರ್ಯಾದೆ ಇದ್ದದ್ದು ಚಾರ್ಟಿಗೆ. ಪಾಠೋಪಕರಣ ತಯಾರಿಸುವುದೇ ಪಠ್ಯದ ಒಂದು ಭಾಗ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಫ್ಲ್ಯಾನೆಲ್ ಬೋರ್ಡು, ಮಡಚಿದರೆ ಒಂದು ಕಥೆ ಬಿಚ್ಚಿದರೆ ಒಂದು ಕಥೆ ಹೇಳುವ ಫ್ಲಿಪ್ ಬುಕ್ಕು ಇವೆಲ್ಲ ಹಾಸ್ಟೆಲಿನ ನೆಲದ ಮೇಲೆ ರಾತ್ರಿ ಹನ್ನೆರಡರವರೆಗೆ ಹರಡಿರುತ್ತಿದ್ದವು. ಕನ್ನಡ ಬಾರದವರು ‘ಅತಿಸಾರ ತಡೆಯಿರಿ’ ಎಂದು ಬರೆಸಲು ಕನ್ನಡದವರ ಮಂಚದ ಬಳಿ ಸಾಲು ನಿಲ್ಲುತ್ತಿದ್ದರು. ಓವರ್‌ಹೆಡ್ ಪ್ರೊಜೆಕ್ಟರು ಬಂದಾಗ ಅದರ ಪಾರದರ್ಶಕ ಹಾಳೆಗೂ ಕೈಬರಹವೇ. ಚಾರ್ಟು ಮಾಡಿದವಳ ಹೆಸರು ಮೂಲೆಯಲ್ಲಿ ಇರುತ್ತಿತ್ತು. ಮುಂದಿನ ವರ್ಷದವರೂ ಅದನ್ನು ಗೋಡೆಯ ಮೇಲೆ ನೋಡುತ್ತಿದ್ದರು. ಕಂಪ್ಯೂಟರಿನಲ್ಲಿ ಮಾಡಿದ ಸ್ಲೈಡು ಫ್ಲಾಪಿಯೊಂದಿಗೇ ಮಾಯವಾಗುತ್ತಿತ್ತು. ಹಳೆಯದನ್ನು ಹಿಡಿದುಕೊಂಡಿದ್ದರೆಂದು ಈ ಹುಡುಗಿಯರನ್ನು ಹಿಂದುಳಿದವರೆನ್ನುವುದು ಸುಲಭ, ಆದರೆ ಅವರ ಲೆಕ್ಕಾಚಾರ ತಪ್ಪಾಗಿರಲಿಲ್ಲ.

ಹೊರ ಜಗತ್ತಿನಲ್ಲಿ ನರ್ಸಿಂಗಿಗೂ ಕಂಪ್ಯೂಟರಿಗೂ ಏನು ನಂಟು ಎಂಬ ಪ್ರಶ್ನೆಗೆ ಅಷ್ಟು ಹೊತ್ತಿಗೆ ನಲವತ್ತು ವರ್ಷ ವಯಸ್ಸಾಗಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮೇರಿಯನ್ ಬಿಟ್ಜರ್ 1960ರ ದಶಕದ ಆರಂಭದಲ್ಲೇ ನರ್ಸಿಂಗ್ ಪಾಠ ಬರೆದಿದ್ದರು. ವಿದ್ಯಾರ್ಥಿ ಪರದೆಯ ಮೇಲಿನ ಹೃದ್ರೋಗಿಯ ಬಗ್ಗೆ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹುಡುಕಿಕೊಳ್ಳುವ ಪಾಠ ಅದು. 1985ರಲ್ಲಿ ಸ್ಟ್ರಾಂಜ್ ಮತ್ತು ಬ್ರಾಡ್ಟ್ ಎಂಬಿಬ್ಬರು ನರ್ಸುಗಳಿಗೆ ಕಂಪ್ಯೂಟರಿನ ಬಗ್ಗೆ ಇರುವ ಮನೋಭಾವ ಅಳೆಯಲು 20 ವಾಕ್ಯಗಳ ಪ್ರಶ್ನಾವಳಿ ಮಾಡಿದರು. 1989ರಲ್ಲಿ ಫ್ರೆಡ್ ಡೇವಿಸ್, ಜನ ಹೊಸ ತಂತ್ರಜ್ಞಾನವನ್ನು ಒಪ್ಪುವುದು ಎರಡು ಮಾತಿನ ಮೇಲೆ ನಿಂತಿದೆ ಎಂದರು: ಇದರಿಂದ ಉಪಯೋಗವಿದೆ ಅನ್ನಿಸಬೇಕು, ಬಳಸಲು ಸುಲಭ ಅನ್ನಿಸಬೇಕು. ನರ್ಸಿಂಗ್ ಕಾಲೇಜುಗಳಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿಗಳ ಪ್ರಬಂಧಗಳಿಗೆ ಈ ಬಗೆಯ ಪ್ರಶ್ನಾವಳಿಗಳೇ ಅನ್ನ. ಹಾಳೆ ಹಂಚುವುದು, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಟಿಕ್ ಹಾಕಿಸುವುದು. ಜೂನಿಯರ್‌ಗಳು ಸೀನಿಯರ್ ಅಕ್ಕನ ಮುಖ ನೋಡಿ ಎಲ್ಲದಕ್ಕೂ ಒಪ್ಪಿಗೆಯ ಟಿಕ್ ಹಾಕುತ್ತಿದ್ದರು. ಆ ಹಾಳೆಗಳಲ್ಲಿ ಬಾರದ ಒಂದು ಪ್ರಶ್ನೆ ಮಾರತ್ತಹಳ್ಳಿಯ ಅನುಭವದಲ್ಲಿ ಎದ್ದು ಕಾಣುತ್ತದೆ. ಯಂತ್ರ ಸುಲಭವೋ ಕಷ್ಟವೋ ಎನ್ನುವುದಕ್ಕಿಂತ ಅದರ ಕೀಲಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ವಿದ್ಯಾರ್ಥಿಯ ಮನಸ್ಸು ತಿರುಗುತ್ತಿತ್ತು.

ಇದು ಚೆನ್ನಾಗಿ ಕಾಣುವುದು ಅಭ್ಯಾಸಕ್ಕೆ ಬಳಸುವ ಡಮ್ಮಿಯ ವಿಷಯದಲ್ಲಿ. ನರ್ಸಿಂಗ್ ಕಲಿಕೆಗೆ ಆಳುದ್ದದ ಗೊಂಬೆ ಬಂದದ್ದು 1911ರಲ್ಲಿ. ಅಮೆರಿಕದ ರೋಡ್ ಐಲೆಂಡಿನ ಗೊಂಬೆ ತಯಾರಕಿ ಮಾರ್ಥಾ ಚೇಸ್, ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆಂದು ಮಾಡಿಕೊಟ್ಟದ್ದು. ‘ಮಿಸೆಸ್ ಚೇಸ್’ ಎಂದೇ ಅದಕ್ಕೆ ಹೆಸರು ನಿಂತಿತು. ಉಸಿರು ಕೊಟ್ಟು ಎದೆ ಒತ್ತುವುದನ್ನು ಕಲಿಸುವ ‘ರಿಸಸಿ ಆ್ಯನ್’ 1960ರಲ್ಲಿ ನಾರ್ವೆಯಿಂದ ಬಂತು. ಅದನ್ನು ಮಾಡಿದ ಓಸ್ಮುಂಡ್ ಲೇರ್ದಾಲ್ ಕೂಡ ಆಟಿಕೆ ತಯಾರಕರೇ. ಇಲ್ಲಿನ ವಿದ್ಯಾರ್ಥಿಗಳು ಮ್ಯಾನಿಕಿನ್ ಎನ್ನದೆ ‘ಗೊಂಬೆ’ ಎಂದದ್ದರಲ್ಲಿ, ಹಾಗೆ ನೋಡಿದರೆ, ಚರಿತ್ರೆಯ ತಪ್ಪೇನೂ ಇಲ್ಲ.

ಗೊಂಬೆಯ ಮುಂದೆ ಮೊದಲ ದಿನ ನಗು. ಬಿಳಿ ಶೀಟು ಹೊದ್ದು ಬಾಯಿ ಅರೆತೆರೆದು ಮಲಗಿದ ಅದಕ್ಕೆ “ಅಜ್ಜಾ, ಹೇಗಿದ್ದೀರಾ?” ಎಂದು ಕೇಳಿ ಶುರು ಮಾಡಬೇಕು, ರೋಗಿಗೆ ಹೇಳದೆ ಯಾವ ಪ್ರೊಸೀಜರ್ ಕೂಡ ಮಾಡಬಾರದಲ್ಲ. ಪ್ಲಾಸ್ಟಿಕ್ಕಿಗೆ ಸಮಾಧಾನ ಹೇಳುವಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದವರನ್ನು ಮೇಡಂ ಹೊರಗೆ ಕಳಿಸುತ್ತಿದ್ದರು. ಎರಡನೇ ವಾರಕ್ಕೆ ನಗು ನಿಂತು ಅದರ ಜಾಗದಲ್ಲಿ ಒಂದು ಬಗೆಯ ಸಲಿಗೆ ಬರುತ್ತಿತ್ತು. ಎದೆಯನ್ನು ಐದು ಸೆಂಟಿಮೀಟರ್ ಒತ್ತಿದರೆ ಒಳಗಿನಿಂದ ಟಕ್ ಎನ್ನುವ ಸದ್ದು. ಒತ್ತಿದ್ದು ಕಡಿಮೆಯಾದರೆ ಮೌನ. ಮೂವತ್ತು ಸಲ ಒತ್ತಿ ಎರಡು ಉಸಿರು, ಮತ್ತೆ ಮೂವತ್ತು. ಐದು ಸುತ್ತು ಮುಗಿಸುವಷ್ಟರಲ್ಲಿ ಮಣಿಕಟ್ಟು ಸೋತು, ಕ್ಯಾಪು ಜಾರಿ, ಹಣೆಯ ಬೆವರು ಗೊಂಬೆಯ ಎದೆಗೇ ಬೀಳುತ್ತಿತ್ತು. ಮೂಗಿನಿಂದ ನಳಿಕೆ ಇಳಿಸುವಾಗ ತಪ್ಪು ದಾರಿಗೆ ಹೋದರೆ ಗೊಂಬೆ ಕೆಮ್ಮುವುದಿಲ್ಲ, ಕೈ ತಳ್ಳುವುದಿಲ್ಲ, ಮೇಡಂಗೆ ಹೇಳುವುದೂ ಇಲ್ಲ. ವಿದ್ಯಾರ್ಥಿಗಳು ಅದನ್ನು ಮೆಚ್ಚಿದ್ದು ಈ ಕೊನೆಯ ಗುಣಕ್ಕೆ.

ಆದರೆ ಗೊಂಬೆಗೂ ಬೀಗವಿತ್ತು. ಒಂದು ಕಾಲೇಜಿನಲ್ಲಿ ದುಬಾರಿ ಗೊಂಬೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇಟ್ಟಿದ್ದರು. ಹೊದಿಕೆ ತೆಗೆಯುತ್ತಿದ್ದದ್ದು ಇನ್‌ಸ್ಪೆಕ್ಷನ್ ದಿನ. ಇನ್‌ಸ್ಪೆಕ್ಟರರು ಹೋದ ಮೇಲೆ ಮತ್ತೆ ಹೊದಿಕೆ, ಮತ್ತೆ ಬೀಗ. ಕಲಿಯಲು ಸಿಕ್ಕುತ್ತಿದ್ದದ್ದು ಚರ್ಮ ಹರಿದು ಸ್ಪಾಂಜು ಕಾಣುವ ಹಳೆಯ ತೋಳು. ಇಂಜೆಕ್ಷನ್ ಚುಚ್ಚಿ ಚುಚ್ಚಿ ಅದರ ಒಂದೇ ಜಾಗ ಎಷ್ಟು ಸಡಿಲವಾಗಿತ್ತೆಂದರೆ ಸೂಜಿ ತಾನಾಗಿ ಇಳಿಯುತ್ತಿತ್ತು. ಮನುಷ್ಯರ ತೋಳು ಅಷ್ಟು ಉದಾರಿಯಲ್ಲ ಎಂದು ತಿಳಿದದ್ದು ವಾರ್ಡಿಗೆ ಹೋದ ಮೇಲೆ.

ವಾರ್ಡಿನ ತಂತ್ರಜ್ಞಾನವೇ ಬೇರೆ ಜಾತಿಯದು. ಅಲ್ಲಿ ಯಂತ್ರ ಕೈಗೆ ನೆರವೂ ಹೌದು, ಕೈಯ ವಿದ್ಯೆಗೆ ಪೈಪೋಟಿಯೂ ಹೌದು. ಡ್ರಿಪ್ಪಿನ ಲೆಕ್ಕ ನೋಡಬಹುದು. ಒಂದು ಮಿಲಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ 500 ಮಿಲಿ ಸಲೈನು ಎಂಟು ಗಂಟೆಯಲ್ಲಿ ಮುಗಿಯಬೇಕಾದರೆ 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಬೇಕು: ನಿಮಿಷಕ್ಕೆ 21 ಹನಿ. ಎಡಗೈ ಮಣಿಕಟ್ಟಿನ ವಾಚನ್ನು ಡ್ರಿಪ್ ಚೇಂಬರಿನ ಪಕ್ಕ ಎತ್ತಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ರೆಗ್ಯುಲೇಟರಿನ ಗಾಲಿ ಕೂದಲೆಳೆಯಷ್ಟು ಸರಿಸುತ್ತ ಸೆಕೆಂಡ್ ಮುಳ್ಳಿನ ಜೊತೆ ಹನಿ ಎಣಿಸುವುದು ನರ್ಸಿಂಗಿನ ಅಕ್ಷರಾಭ್ಯಾಸ. ರೋಗಿ ಕೈ ಮಡಚಿದರೆ ಲೆಕ್ಕ ಕೆಟ್ಟಿತು, ಮತ್ತೆ ಎಣಿಸಬೇಕು. ಓಲ್ಡ್ ಏರ್‌ಪೋರ್ಟ್ ರಸ್ತೆ, ವೈಟ್‌ಫೀಲ್ಡ್ ಕಡೆಯ ದೊಡ್ಡ ಖಾಸಗಿ ಆಸ್ಪತ್ರೆಗಳ ಐಸಿಯುಗಳಲ್ಲಿ ಇನ್‌ಫ್ಯೂಷನ್ ಪಂಪು ಈ ಕೆಲಸವನ್ನು ಗಂಟೆಗೆ ಇಷ್ಟು ಮಿಲಿ ಎಂಬ ಒಂದು ಅಂಕಿಯಿಂದ ಮುಗಿಸಿತು. ಅದನ್ನು ಮೊದಲ ಸಲ ನೋಡಿದ ವಿದ್ಯಾರ್ಥಿಗಳಿಗೆ ಖುಷಿಗಿಂತ ಒಂದು ಸಣ್ಣ ಮೋಸವಾದ ಭಾವ: ಇಷ್ಟು ದಿನ ಎಣಿಸಿದ್ದು ಯಾಕೆ? ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನ ಪೋಸ್ಟಿಂಗ್ ಬಂದಾಗ ಉತ್ತರ ಸಿಕ್ಕುತ್ತಿತ್ತು. ಅಲ್ಲಿ ಪಂಪಿಲ್ಲ, ನಲವತ್ತು ಮಂಚ, ನಲವತ್ತು ಬಾಟಲಿ.

ಬಿಪಿ ಯಂತ್ರದ್ದೂ ಇದೇ ಕತೆ. ಪಾದರಸದ ಬಿಪಿ ಡಬ್ಬಿ ಹೋಗಿ ಬಟನ್ ಒತ್ತುವ ಡಿಜಿಟಲ್ ಬಂದಾಗ ವಿದ್ಯಾರ್ಥಿಗಳು ಅದನ್ನು ಎರಡು ಕೈಯಲ್ಲಿ ಸ್ವಾಗತಿಸಿದರು; ಕಿವಿಗೆ ಸ್ಟೆತಸ್ಕೋಪು ಇಟ್ಟು ಮೊದಲ ಸದ್ದು ಯಾವುದು, ಕೊನೆಯದು ಯಾವುದು ಎಂದು ಒದ್ದಾಡುವ ಕಷ್ಟ ತಪ್ಪಿತು. ಆದರೆ ನಾಡಿ ತಾಳ ತಪ್ಪಿ ಬಡಿಯುವ ರೋಗಿಯಲ್ಲಿ, ಚಳಿಗೆ ನಡುಗುವವರಲ್ಲಿ ಆ ಯಂತ್ರದ ಅಂಕಿಯನ್ನು ನಂಬುವಂತಿಲ್ಲ. ಒಮ್ಮೊಮ್ಮೆ ಅದು ಅಂಕಿಯನ್ನೇ ಕೊಡದೆ ‘ಎರರ್’ ಎಂದು ಕೂರುತ್ತದೆ. ರಾತ್ರಿ ಡ್ಯೂಟಿಯಲ್ಲಿ ಮೂರು ಸಲ ಎರರ್ ತೋರಿಸಿದ ಯಂತ್ರದ ಮುಂದೆ ಕಣ್ಣಲ್ಲಿ ನೀರು ತಂದುಕೊಂಡ ವಿದ್ಯಾರ್ಥಿನಿಗೆ ವಾರ್ಡ್ ಸಿಸ್ಟರ್ ಬೈಯಲಿಲ್ಲ, ಕಪಾಟಿನಿಂದ ಹಳೆಯ ಡಬ್ಬಿ ತೆಗೆದು ಕೊಟ್ಟರು. ಅವಳ ಬ್ಯಾಚಿನವರೆಲ್ಲ ಮಾರನೆಯ ದಿನವೇ ಒಬ್ಬರ ತೋಳು ಒಬ್ಬರು ಹಿಡಿದು ಕಿವಿಯಿಂದ ಬಿಪಿ ನೋಡುವುದನ್ನು ಮತ್ತೆ ಕಲಿತರು.

ಇವೆಲ್ಲಕ್ಕಿಂತ ಗಹನವಾದದ್ದು ಫೋನಿನ ಪ್ರಕರಣ. ಬಹುಪಾಲು ನರ್ಸಿಂಗ್ ಹಾಸ್ಟೆಲುಗಳಲ್ಲಿ 2020ರ ತನಕ ಫೋನು ಒಂದು ಅಪರಾಧ. ಬೆಳಿಗ್ಗೆ ವಾರ್ಡನ್ ಮೇಜಿನ ಮೇಲೆ ಬಟ್ಟೆಚೀಲ. ಅದರಲ್ಲಿ ಹೆಸರು ಬರೆದ ಚೀಟಿ ಅಂಟಿಸಿದ ಫೋನುಗಳು. ಸಂಜೆ ಒಂದು ಗಂಟೆ ಕೊಟ್ಟು, ಸ್ಟಡಿ ಅವರ್ ಹೊತ್ತಿಗೆ ಮತ್ತೆ ಕಸಿದುಕೊಳ್ಳುತ್ತಿದ್ದರು. ವಾರ್ಡಿನಲ್ಲಿ ಫೋನು ಸಿಕ್ಕಿಬಿದ್ದರೆ ಅಪ್ಪ-ಅಮ್ಮನನ್ನು ಕರೆಸುತ್ತಿದ್ದರು. ಕೆಲವರ ಬಳಿ ಎರಡು ಫೋನು: ಚೀಲಕ್ಕೆ ಹಾಕಲು ಒಂದು ಕೆಟ್ಟದ್ದು, ದಿಂಬಿನ ಕೆಳಗೆ ಒಂದು ಒಳ್ಳೆಯದು. ಆ ಒಳ್ಳೆಯ ಫೋನಿನಲ್ಲಿ ಹೊದಿಕೆಯೊಳಗೆ ಸಿನಿಮಾ ಓಡುತ್ತಿತ್ತು ನಿಜ. ಪರೀಕ್ಷೆ ಹತ್ತಿರ ಬಂದಾಗ ರಕ್ತನಾಳಕ್ಕೆ ಕ್ಯಾನುಲಾ ಹಾಕುವ ವಿಡಿಯೋಗಳೂ ಓಡುತ್ತಿದ್ದವು. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕಾಣದ ಪ್ರೊಸೀಜರನ್ನು ಹತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಬಹುದಿತ್ತು, ಯಾರೂ “ಇನ್ನೂ ಅರ್ಥವಾಗಲಿಲ್ಲವಾ?” ಎನ್ನುತ್ತಿರಲಿಲ್ಲ. ಗೊಂಬೆಯನ್ನು ಮೆಚ್ಚಿದ ಕಾರಣವೇ ಇಲ್ಲೂ ಕೆಲಸ ಮಾಡಿತು. ವ್ಯತ್ಯಾಸ ಒಂದೇ, ಈ ಯಂತ್ರದ ಕೀಲಿ ಅವರದೇ ಕೈಯಲ್ಲಿತ್ತು. ಅದಕ್ಕೇ ಇರಬೇಕು ಕಾಲೇಜುಗಳಿಗೆ ಅದರ ಭಯ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತು. ಹಾಸ್ಟೆಲುಗಳು ಖಾಲಿಯಾದವು, ಫೋನಿನ ಚೀಲವೂ ಖಾಲಿಯಾಯಿತು. ಕೆಲವೇ ವಾರಗಳಲ್ಲಿ, ಫೋನು ತಂದರೆ ದಂಡ ಹಾಕುತ್ತಿದ್ದವರೇ ಫೋನು ಹಿಡಿಯದಿದ್ದರೆ ಗೈರುಹಾಜರಿ ಹಾಕತೊಡಗಿದರು. ಈ ಪಲ್ಟಿಯನ್ನು ಆ ಬ್ಯಾಚಿನವರು ಇಂದಿಗೂ ನಗುತ್ತಲೇ ನೆನೆಯುತ್ತಾರೆ, ಆದರೆ ಆಗ ನಗು ಬರುವ ಹಾಗಿರಲಿಲ್ಲ. ಮನೆಗೊಂದೇ ಸ್ಮಾರ್ಟ್‌ಫೋನು, ಅದರಲ್ಲಿ ತಮ್ಮನ ಹತ್ತನೇ ತರಗತಿಯ ಪಾಠವೂ ಇದೆ. ಸಿಗ್ನಲ್ಲಿಗೆ ರಾಯಚೂರಿನ ಹಳ್ಳಿಯವಳು ಮಾಳಿಗೆ ಹತ್ತಿದರೆ, ಇಡುಕ್ಕಿಯವಳು ರಬ್ಬರ್ ತೋಟದ ದಿಣ್ಣೆ ಹತ್ತುತ್ತಿದ್ದಳು. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿದು, ಮೂರನೇ ಪಾಠಕ್ಕೆ ಹೆಸರು ಮಾತ್ರ ಹಾಜರಿರುತ್ತಿತ್ತು. ಕ್ಯಾಮೆರಾ ಆನ್ ಮಾಡಿ ಎಂದಾಗ ಹಿಂದಿನ ಗೋಡೆ, ಹರಿದ ಪರದೆ, ಅಡುಗೆಮನೆಯ ಹೊಗೆ ಎಲ್ಲರಿಗೂ ಕಾಣುತ್ತಿತ್ತು. ಫೋನಿನ ಮೇಲಿದ್ದ ಹಳೆಯ ಪ್ರೀತಿ ಈ ತಿಂಗಳುಗಳಲ್ಲಿ ಬಹಳಷ್ಟು ಕರಗಿತು. ಕದ್ದು ನೋಡುವಾಗ ತನ್ನದಾಗಿದ್ದ ಯಂತ್ರ ಈಗ ಹಾಜರಿ ಪುಸ್ತಕವಾಗಿತ್ತು.

ಪ್ರಾಕ್ಟಿಕಲ್ ಮಾತ್ರ ಯಾವ ಆ್ಯಪಿಗೂ ಒಗ್ಗಲಿಲ್ಲ. ದಿಂಬನ್ನು ರೋಗಿ ಮಾಡಿ ಬೆಡ್ ಬಾತ್ ತೋರಿಸಿದರು. ಬಾಗಿಲ ಚಿಲಕಕ್ಕೆ ನೀರಿನ ಬಾಟಲಿ ತೂಗಿಹಾಕಿ ಡ್ರಿಪ್ ಎಂದರು. ಅಜ್ಜಿಯನ್ನು ಕೂರಿಸಿ ನಾಡಿ ಎಣಿಸಿದರು. ಅಜ್ಜಿಯೊಬ್ಬರೇ ಆ ವ್ಯವಸ್ಥೆಯಲ್ಲಿ ಅಸಲಿ. ನೈಟಿಂಗೇಲ್ ಹುಟ್ಟಿ 200 ವರ್ಷವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2020ನ್ನು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ನೈಟಿಂಗೇಲ್ ಜನ್ಮದಿನವಾದ ಮೇ 12ರಂದು ದೀಪ ಬೆಳಗುವ ಬದಲು ವೆಬಿನಾರುಗಳು ಸುರಿದವು. ಒಬ್ಬೊಬ್ಬರ ಮೇಲಿನಲ್ಲೂ ಇ-ಸರ್ಟಿಫಿಕೇಟುಗಳ ರಾಶಿ. ಕ್ರಿಮಿಯಾ ಯುದ್ಧದ ಸಾವುಗಳನ್ನು ಬಣ್ಣದ ವೃತ್ತಚಿತ್ರದಲ್ಲಿ ಬರೆದು ಸರ್ಕಾರವನ್ನು ಅಲುಗಿಸಿದ ಹೆಂಗಸಿಗೆ ಅಂಕಿ-ಅಂಶ ಪ್ರಿಯವೇ; ಆ ಸರ್ಟಿಫಿಕೇಟುಗಳ ಸಂಖ್ಯೆ ಪ್ರಿಯವಾಗುತ್ತಿತ್ತೇ ಎನ್ನುವುದು ಅನುಮಾನ.

ಮರಳಿ ಬಂದ ಬ್ಯಾಚು ಥಿಯರಿಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಕ್ಯಾನುಲಾ ಹಾಕುವ ಹಂತಗಳನ್ನು ನಿದ್ದೆಯಲ್ಲೂ ಹೇಳುತ್ತಿದ್ದರು. ನಿಜವಾದ ಚರ್ಮದ ಕೆಳಗೆ ನಿಜವಾದ ನರ ಬೆರಳಿಗೆ ಸಿಕ್ಕಿ ಜಾರಿದಾಗ ಮಾತ್ರ ಕೈ ನಡುಗುತ್ತಿತ್ತು. ‘ಕೋವಿಡ್ ಬ್ಯಾಚು’ ಎಂಬ ಅಡ್ಡಹೆಸರು ಅವರ ಬೆನ್ನಿಗೆ ಅಂಟಿತು. ಸ್ಕಿಲ್ ಲ್ಯಾಬಿನ ಬೀಗ ತೆಗೆಯಿರಿ, ಸಂಜೆಯೂ ತೆರೆದಿಡಿ ಎಂದು ವಿದ್ಯಾರ್ಥಿಗಳೇ ಅರ್ಜಿ ಬರೆದದ್ದು ಆ ಬ್ಯಾಚಿನಲ್ಲಿ; ಅದಕ್ಕೆ ಮುಂಚೆ ಲ್ಯಾಬು ಬೇಕೆಂದು ಅರ್ಜಿ ಬಂದ ನೆನಪಿಲ್ಲ.

2021ರಲ್ಲಿ ನರ್ಸಿಂಗ್ ಪರಿಷತ್ತು ಬಿ.ಎಸ್‌ಸಿ. ಪಠ್ಯಕ್ರಮವನ್ನು ಸೆಮಿಸ್ಟರಿಗೆ ಬದಲಿಸಿತು. ಎರಡನೇ ಸೆಮಿಸ್ಟರಿನಲ್ಲಿ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಮತ್ತು ತಂತ್ರಜ್ಞಾನ ಎಂಬ ವಿಷಯ ಬಂತು: ಪಾಠಕ್ಕೆ 40 ಗಂಟೆ, ಲ್ಯಾಬಿಗೆ 40 ಗಂಟೆ. ಹಳೆಯ ‘ಕಂಪ್ಯೂಟರ್ ಪರಿಚಯ’ದಲ್ಲಿ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಟೈಪಿಂಗ್, ಸ್ಲೈಡು; ಇದು ಆಸ್ಪತ್ರೆಯ ಮಾಹಿತಿ ವ್ಯವಸ್ಥೆ, ಎಲೆಕ್ಟ್ರಾನಿಕ್ ದಾಖಲೆ, ರೋಗಿಯ ಗೋಪ್ಯತೆಯನ್ನು ಕಲಿಸಹೊರಟಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಶುರುವಾಗಿ, ರೋಗಿಯ 14 ಅಂಕಿಯ ಆರೋಗ್ಯ ಸಂಖ್ಯೆಯೂ ಪಾಠದೊಳಗೆ ಬಂತು. ವಿದ್ಯಾರ್ಥಿಗಳಿಗೆ ಈ ವಿಷಯ ಬೇಸರವೇನಲ್ಲ. ಗಲ್ಫಿಗೋ ಇಂಗ್ಲೆಂಡಿಗೋ ಹೋದರೆ ಮೊದಲ ದಿನವೇ ಕಂಪ್ಯೂಟರಿನಲ್ಲಿ ಚಾರ್ಟಿಂಗ್ ಮಾಡಬೇಕೆಂದು ಸೀನಿಯರ್‌ಗಳು ವಾಟ್ಸ್ಆ್ಯಪಿನಲ್ಲಿ ಹೇಳಿದ್ದಾರೆ. ಅಡ್ಡಿ ಇರುವುದು ಬೇರೆ ಕಡೆ. ಪೋಸ್ಟಿಂಗಿಗೆ ಹೋಗುವ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗೆ ಲಾಗಿನ್ ಸಿಕ್ಕುವುದು ಅಪರೂಪ. ಅವಳು ಜ್ವರ, ನಾಡಿ, ಬಿಪಿಯನ್ನು ಚೀಟಿಯಲ್ಲಿ ಬರೆದು ಕೊಡುತ್ತಾಳೆ. ಸ್ಟಾಫ್ ನರ್ಸ್ ತನ್ನ ಹೆಸರಿನಲ್ಲಿ ಟೈಪ್ ಮಾಡುತ್ತಾಳೆ. ಇಪ್ಪತ್ತು ವರ್ಷದ ಹಿಂದೆ ಭುಜದ ಮೇಲಿಂದ ಇಣುಕುತ್ತಿದ್ದವರ ಸಾಲು ಲ್ಯಾಬಿನಿಂದ ನರ್ಸಿಂಗ್ ಸ್ಟೇಷನ್ನಿಗೆ ಸರಿದಿದೆ, ಅಷ್ಟೆ.

ಫೋನಿನ ಬಗ್ಗೆ ಹಳೆಯ ಹಟ ಈಗ ಸಡಿಲ. ಭಾಷೆಯ ಕಷ್ಟಕ್ಕೆ ಅದನ್ನು ಹೊರತೆಗೆದರೆ ಸಿಸ್ಟರ್‌ಗಳು ನೋಡಿಯೂ ನೋಡದಂತಿರುತ್ತಾರೆ. ಶಿವಾಜಿನಗರದ ಬೌರಿಂಗ್‌ನಂಥ ಆಸ್ಪತ್ರೆಯಲ್ಲಿ ಒಂದೇ ಸಾಲಿನ ಮಂಚಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಕೇಳಿಸುತ್ತದೆ. ಕೊಟ್ಟಾಯಂನಿಂದಲೋ ಇಂಫಾಲದಿಂದಲೋ ಬಂದವಳಿಗೆ ನಾಲ್ಕೂ ಹೊಸವು. ಒಮ್ಮೆ ಮಲಯಾಳಿ ವಿದ್ಯಾರ್ಥಿನಿಯೊಬ್ಬಳು ಫೋನಿನ ಅನುವಾದ ತೆರೆದು ಅಜ್ಜಿಯ ಕಿವಿಯ ಬಳಿ ಹಿಡಿದಳು. “ನೀವು ಇಂದು ಮಲವಿಸರ್ಜನೆ ಮಾಡಿದ್ದೀರಾ?” ಎಂದಿತು ಫೋನು, ರೇಡಿಯೋ ವಾರ್ತೆಯ ಗಾಂಭೀರ್ಯದಲ್ಲಿ. ಅಜ್ಜಿ ಕೈ ಮುಗಿದರು. ನೆಲ ಒರೆಸುತ್ತಿದ್ದ ಆಯಾ ಅಲ್ಲಿಂದಲೇ ಕೂಗಿದರು: “ಅಜ್ಜೀ, ಬೆಳಿಗ್ಗೆ ಕಕ್ಕಸಿಗೆ ಹೋಗಿದ್ರಾ ಅಂತ ಕೇಳ್ತೈತೆ ಕಣಮ್ಮ ಆ ಮಗು.” ಅಜ್ಜಿಗೆ ನಗು. “ಎರಡು ದಿನ ಆಯ್ತವ್ವಾ.” ಅಂದಿನಿಂದ ಆ ಹುಡುಗಿ ಫೋನಿನ ಬದಲು ಒಂದು ಪುಟ್ಟ ಡೈರಿ ಇಟ್ಟುಕೊಂಡಳು. ಅದರ ಮೊದಲ ಪುಟದಲ್ಲಿ ಮಲಯಾಳಂ ಲಿಪಿಯಲ್ಲಿ ಬರೆದ ಕನ್ನಡ: ಕಕ್ಕಸು, ಉಚ್ಚೆ, ತಲೆಸುತ್ತು, ಎದೆ ಹಿಡಿದುಕೊಂಡಂಗೆ.

ಈಚಿನ ವರ್ಷಗಳಲ್ಲಿ ರೋಗಿಯ ಆರೈಕೆಯ ಯೋಜನೆಯನ್ನು, ಅಂದರೆ ಕೇರ್ ಪ್ಲಾನನ್ನು, ಬರೆದುಕೊಡುವ ಚಾಟ್‌ಬಾಟುಗಳು ಬಂದಿವೆ. ಮೂವತ್ತು ಜನರ ಕೇರ್ ಪ್ಲಾನಿನಲ್ಲಿ ಇಪ್ಪತ್ತು ಒಂದೇ ಸ್ವರದಲ್ಲಿ ಮಾತಾಡಿದರೆ ಮೇಡಂಗಳಿಗೆ ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಮಂಚ ಏಳರ ರೋಗಿಗೆ ಎಡಗಾಲಿಲ್ಲ, ಪ್ಲಾನಿನಲ್ಲಿ ಎರಡೂ ಪಾದಗಳ ವ್ಯಾಯಾಮವಿದೆ ಎಂದಾಗ ತರಗತಿ ತಲೆ ತಗ್ಗಿಸಿತು. ಹಾಗೆಂದು ಬಿಟ್ಟವರಾರೂ ಇಲ್ಲ. ಸಿದ್ಧ ಪ್ಲಾನನ್ನು ರೋಗಿಯ ಪಕ್ಕ ಹಿಡಿದು ತಪ್ಪು ಹುಡುಕಿ ತನ್ನಿ ಎಂದು ಮನೆಗೆಲಸ ಕೊಟ್ಟವರಿದ್ದಾರೆ. ವಿದ್ಯಾರ್ಥಿಗಳು ಅತಿ ಹೆಚ್ಚು ಉತ್ಸಾಹದಿಂದ ಮಾಡಿದ ಮನೆಗೆಲಸಗಳಲ್ಲಿ ಅದೊಂದು. ಯಂತ್ರದ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುವ ಅವಕಾಶ ಅವರಿಗೆ ಅಲ್ಲಿಯ ತನಕ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಬಂದರೂ ಪ್ರೊಸೀಜರುಗಳ ಲಾಗ್‌ಬುಕ್ಕು ಇನ್ನೂ ಕಾಗದದ್ದೇ, ಸಹಿಯೂ ಪೆನ್ನಿನದೇ. ಹೊಸದಾಗಿ ಸೇರಿದವರಿಗೆ ಕೊಡುವ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಈಗ ಸೇರಿದೆ, ‘ಇದ್ದರೆ ಒಳ್ಳೆಯದು’ ಎಂಬ ಟಿಪ್ಪಣಿಯೊಂದಿಗೆ. ಅದರ ಮೇಲಿನ ಸಾಲುಗಳು ಹಳೆಯವೇ: ಪೆನ್ ಟಾರ್ಚ್, ಇಂಚು ಟೇಪು, ಕತ್ತರಿ, ಸೆಕೆಂಡ್ ಮುಳ್ಳಿರುವ ವಾಚು. ಹಲವರ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ, ನಾಡಿ ತೋರಿಸುವ ಸ್ಮಾರ್ಟ್ ವಾಚು ಇರುತ್ತದೆ. ಅದನ್ನು ವಾರ್ಡಿನಲ್ಲಿ ಒಪ್ಪುವುದಿಲ್ಲ. ಆಗಸ್ಟ್-ಸೆಪ್ಟೆಂಬರಿನಲ್ಲಿ ಮಾರತ್ತಹಳ್ಳಿ ಸೇತುವೆಯ ಬಳಿಯ ವಾಚಿನ ಅಂಗಡಿಗಳ ಮುಂದೆ ಹುಡುಗಿಯರ ಗುಂಪು ನಿಂತಿರುತ್ತದೆ. ಅವರು ಕೇಳುವ ಮುಂಚೆಯೇ ಅಂಗಡಿಯವನು ಗಾಜಿನ ಕೆಳಗಿನಿಂದ ಬಿಳಿ ಡಯಲಿನ, ಕಪ್ಪು ಪಟ್ಟಿಯ ಸಾದಾ ವಾಚನ್ನು ತೆಗೆದು ಮುಂದಿಡುತ್ತಾನೆ. ಅವರು ಅದನ್ನು ಕಿವಿಗೆ ಹಿಡಿದು, ಮುಳ್ಳು ಒಂದು ಸುತ್ತು ಪೂರ್ತಿ ತಿರುಗುವ ತನಕ ನೋಡಿ, ಆಮೇಲೆ ದುಡ್ಡು ಕೊಡುತ್ತಾರೆ.